ಡಿ. ಕ್ವಿಲ್ಟಿಯ ನಲವತ್ತೊಂದು ಗೋಲುಗಳು

ಜನವರಿ 14, ಮಂಗಳವಾರ

ಕೆಲಸ ಹೋಗಿ ಎರಡು ವಾರವಾಯಿತು. ಆಮ್‌ಸ್ಟರ್‌ಡಾಮ್ ಹತ್ತಿರದ ಹೂಫ್‌ಡಾರ್ಪ್‌ನ ಆಫೀಸಿಗೆ ಪಾಸು, ಲ್ಯಾಪ್‌ಟಾಪು ಒಪ್ಪಿಸಿ ಬಂದ ಮೇಲೆ ಇವತ್ತೇ ಮೊದಲು ಬರೆಯಲು ಕೂತಿದ್ದು. ಮಾರ್ಚ್ ಮೂವತ್ತೊಂದರೊಳಗೆ ಬೇರೆ ಕಂಪನಿ ಸಿಗದಿದ್ದರೆ ಈ ದೇಶದಲ್ಲಿರುವ ನನ್ನ ಪರವಾನಗಿ ಮುಗಿಯುತ್ತದೆ. ನನ್ನದು ಮುಗಿದರೆ ಗಂಡ ಹೃಷಿಯದೂ ಮುಗಿದಂತೆ. ಅವನು ಮೂರು ವರ್ಷ ಡಚ್ ಕಲಿತು, ಪರೀಕ್ಷೆ ಬರೆದು, ಕಳೆದ ಸೆಪ್ಟೆಂಬರಿನಲ್ಲಷ್ಟೇ ಶಾಲೆಯೊಂದರಲ್ಲಿ ಗಣಿತ ಮೇಷ್ಟ್ರಾಗಿ ಸೇರಿದ್ದಾನೆ. ನನಗೆ ಒಂದು ಮಾತೂ ಅನ್ನುವುದಿಲ್ಲ. ಬೆಳಿಗ್ಗೆ ಸೈಕಲ್ ತೆಗೆಯುವಾಗ, "ಸಿಕ್ತದೆ ಮಾರಾಯ್ತಿ, ಮಂಡೆಬಿಸಿ ಮಾಡ್ಬೇಡ" ಎಂದು ಹೋಗುತ್ತಾನೆ. ಬೈದಿದ್ದರೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಕೆಳಗಿನ ಮನೆಯ ಅಜ್ಜಿ ಕರೆದರು. ಹೆಸರು ನೋರಾ ಫಿಸ್ಸರ್, ಎಂಬತ್ತೊಂಬತ್ತು ವರ್ಷ. ಐರ್ಲೆಂಡಿನವರು, ನರ್ಸ್ ಆಗಿ ಇಲ್ಲಿಗೆ ಬಂದು ಡಚ್ಚರೊಬ್ಬರನ್ನು ಮದುವೆಯಾಗಿ ಇಲ್ಲೇ ಉಳಿದವರು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಕಣ್ಣಿನ ನಡುಭಾಗ ಮಸುಕಾಗುವ ಕಾಯಿಲೆ. ಎದುರಿಗಿರುವವರ ಅಂಚು ಕಾಣುತ್ತದಂತೆ, ಮುಖ ಕಾಣುವುದಿಲ್ಲ. ನಾವು ಈ ಮನೆಗೆ ಬಂದ ಎರಡು ವರ್ಷದಿಂದ ಅವರಿಗೆ ಬರುವ ಕಾಗದಗಳನ್ನೆಲ್ಲ ನಾನೇ ಓದಿ ಹೇಳುವುದು. ಸಂಪ್ರೀತಾ ಎಂಬ ಹೆಸರು ಅವರ ನಾಲಿಗೆಗೆ ಉದ್ದವಾಗಿ ನಾನು ಬರೀ ಪ್ರೀತಾ ಆಗಿದ್ದೇನೆ.

ಅವರ ತಂದೆ ಡ್ಯಾನ್ ಕ್ವಿಲ್ಟಿ ನೂರು ವರ್ಷದ ಹಿಂದೆ ಫುಟ್ಬಾಲ್ ಆಡುತ್ತಿದ್ದರಂತೆ. ಬ್ಯಾಲಿಗ್ಲಾಸ್ ರೋವರ್ಸ್ ಎಂಬ ಸಣ್ಣ ಊರಿನ ಕ್ಲಬ್ಬು. ಅದು ಮೈದಾನದಲ್ಲಿ ಪ್ರೇಕ್ಷಕರಿಗೆ ಹೊಸ ಗ್ಯಾಲರಿ ಕಟ್ಟಿಸುತ್ತಿದೆ, ಅದಕ್ಕೆ ಡ್ಯಾನ್ ಅವರ ಹೆಸರಿಡುತ್ತಾರೆ. ಅವರ ಆಟದ ವಿವರ ಪೂರ್ತಿ ಬೇಕೆಂದು ಪತ್ರ ಬಂದಿದೆ.

"ನನ್ನ ಹತ್ತಿರ ಒಂದು ಆಲ್ಬಂ ಉಂಟು, ಓದುವ ಕಣ್ಣಿಲ್ಲ," ಎಂದರು ನೋರಾ. "ನಿನಗೀಗ ಸಮಯ ಇದೆ ಅಲ್ವಾ?"

ಸಮಯವಿದೆ. ಅದೊಂದು ಬೇಕಾದಷ್ಟಿದೆ.

ಜನವರಿ 19, ಭಾನುವಾರ

ಆಲ್ಬಮ್ಮಿನ ನೂರ ಹನ್ನೆರಡು ಪತ್ರಿಕೆ ತುಣುಕುಗಳನ್ನು ಸ್ಕ್ಯಾನ್ ಮಾಡಿ, ದಿನಾಂಕ, ಎದುರಾಳಿ, ಫಲಿತಾಂಶ, ಗೋಲು ಎಂದು ಕೋಷ್ಟಕ ಹಾಕಿದೆ. ಎಷ್ಟೋ ದಿನದ ಮೇಲೆ ಕೈಗೆ ಹದ ಸಿಕ್ಕಿತು. ಡೇಟಾ ಎಂದರೆ ನನಗೆ ಊಟದಷ್ಟೇ ರುಚಿ.

ಡ್ಯಾನ್ 1905ರಲ್ಲಿ ಹುಟ್ಟಿದವರು. ನಾರು ಗಿರಣಿಯಲ್ಲಿ ಕೂಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮುಂದೆ ನಿಂತು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಆಗಿ ರೋವರ್ಸ್ ಸೇರಿದರು. ಮೊದಲ ಪಂದ್ಯದಲ್ಲೇ ಎರಡು ಗೋಲು. ಶನಿವಾರ ಮಧ್ಯಾಹ್ನದವರೆಗೆ ಗಿರಣಿ, ಆಮೇಲೆ ಮೈದಾನ. ಮಳೆಯಲ್ಲಿ ನೆಂದ ತೊಗಲಿನ ಚೆಂಡು ಕಲ್ಲಿನಷ್ಟು ಭಾರವಾಗುತ್ತಿತ್ತಂತೆ. ಬೇರೆಯವರು ತಲೆ ತಗ್ಗಿಸುತ್ತಿದ್ದ ಕಡೆ ಇವರು ತಲೆ ಕೊಡುತ್ತಿದ್ದರು. 1930ರಲ್ಲಿ ಇಂಗ್ಲೆಂಡಿನ ಕ್ಲಬ್ಬೊಂದು ಕರೆಸಿಕೊಂಡಿತು. ಅಲ್ಲಿ ಮೂರು ವರ್ಷ ಆಡಿ, ಮಂಡಿ ಕೆಟ್ಟು, ಊರಿಗೆ ಮರಳಿ ಮತ್ತೆ ರೋವರ್ಸ್. ಮೂವತ್ತನಾಲ್ಕನೆಯ ವಯಸ್ಸಿಗೆ ಯುದ್ಧ ಶುರುವಾಯಿತು, ಆಟ ನಿಂತಿತು. 1951ರಲ್ಲಿ ಕ್ಲಬ್ಬು ಅಚ್ಚು ಹಾಕಿಸಿದ ಪುಸ್ತಿಕೆಯ ಪ್ರಕಾರ ರೋವರ್ಸ್‌ಗಾಗಿ ಹೊಡೆದದ್ದು 287 ಗೋಲು. ಆ ಲೀಗಿನಲ್ಲಿ ಇವತ್ತಿಗೂ ಯಾರೂ ಅದನ್ನು ದಾಟಿಲ್ಲ, ಎರಡನೆಯವನದು 262.

ನೋರಾ ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು. "ಇನ್ನೂರ ಎಂಬತ್ತೇಳು" ಎಂದಾಗ ಮಾತ್ರ ಅವರ ತುಟಿಯೂ ನನ್ನ ಜೊತೆ ಆಡಿತು.

ಜನವರಿ 28, ಮಂಗಳವಾರ

ಇವತ್ತು ಇನ್ನೂ ಎರಡು ಕಡೆಯಿಂದ 'ಕ್ಷಮಿಸಿ' ಬಂತು. ಒಟ್ಟು ಹದಿನೇಳು.

ಕೆಳಗೆ ಹೋದೆ. ನೋರಾ ತಮ್ಮ ತಂದೆ ತಾಯಿಯ ಪ್ರೇಮದ ಕಥೆ ಹೇಳಿದರು. 1927ರ ನವೆಂಬರಿನಲ್ಲಿ ಡ್ಯಾನ್ ಅವರ ಕಾಲು ಮುರಿಯಿತು. ಫೆಬ್ರವರಿ ಕೊನೆಯವರೆಗೆ ಹಾಸಿಗೆ. ಪಕ್ಕದ ಬೀದಿಯ ಬ್ರಿಜಿಟ್ ಎಂಬ ಹುಡುಗಿ ದಿನಾ ಸೂಪು ತಂದುಕೊಡುತ್ತಿದ್ದಳು. ಕಾಲು ಕೂಡಿಕೊಂಡ ಮೇಲೂ ಅಪ್ಪ ನೋವು ಅಂತಲೇ ಹೇಳುತ್ತಿದ್ದರಂತೆ, ಸೂಪು ನಿಲ್ಲುತ್ತದೆ ಎಂದು.

"ಆ ಚಳಿಗಾಲ ಇಡೀ ಅಪ್ಪ ಚೆಂಡು ಮುಟ್ಟಲಿಲ್ಲ. ಆ ಮುರಿದ ಕಾಲಿನಿಂದ ಹುಟ್ಟಿದವಳು ನಾನು," ಎಂದು ನಕ್ಕರು.

ನಾನೂ ನಕ್ಕೆ. ಮೇಲೆ ಬಂದು ಕೋಷ್ಟಕದಲ್ಲಿ ಆ ನಾಲ್ಕು ತಿಂಗಳ ಎದುರು 'ಆಡಿಲ್ಲ' ಎಂದು ಬರೆದೆ.

ಫೆಬ್ರವರಿ 3, ಸೋಮವಾರ

ಸಿಕ್ಕಿತು!

ಐರ್ಲೆಂಡಿನ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಟ್ಟ ಸಂಗ್ರಹವೊಂದಕ್ಕೆ ಒಂದು ತಿಂಗಳ ಮಟ್ಟಿಗೆ ಸೇರಿಕೊಂಡಿದ್ದೇನೆ. ಡ್ಯಾನ್ ಹಾಸಿಗೆ ಹಿಡಿದಿದ್ದ ಆ ನಾಲ್ಕು ತಿಂಗಳಲ್ಲಿ ರೋವರ್ಸ್ ಪರವಾಗಿ 'ಡಿ. ಕ್ವಿಲ್ಟಿ' ಹದಿನಾಲ್ಕು ಗೋಲು ಹೊಡೆದಿದ್ದಾನೆ. ಆ ಹದಿನಾಲ್ಕೂ ಪುಸ್ತಿಕೆಯ 287ರೊಳಗೆ ಸೇರಿವೆ. ಕಾಲು ಮುರಿದುಕೊಂಡು ಮಲಗಿದವನು ಗೋಲು ಹೊಡೆಯುವುದು ಹೇಗೆ?

ಊಟಕ್ಕೆ ಕೂತಾಗ ಹೃಷಿಗೆ ಉಸಿರು ಬಿಡದೆ ಹೇಳಿದೆ. ಅವನು ಸಾರು ಕಲಸಿಕೊಳ್ಳುತ್ತಾ, "ಅವರಿಗೆ ಹೇಳಿದ್ದಾ?" ಎಂದು ಕೇಳಿದ.

"ಪೂರ್ತಿ ಖಚಿತ ಆಗ್ಲಿ ಅಂತ ಇದ್ದೇನೆ."

"ಅವರ ಅಪ್ಪ ಅಲ್ವಾ, ಮೊದಲು ಅವರಿಗೇ ಗೊತ್ತಾಗ್ಬೇಕು."

ಅದು ನನಗೂ ಗೊತ್ತು. ಆದರೆ ಅರ್ಧಂಬರ್ಧ ಹೇಳಿ ಮುದುಕಿಯ ಜೀವ ಹಿಂಡುವುದಕ್ಕಿಂತ ಪೂರ್ತಿ ನೋಡಿ ಹೇಳುವುದು ಒಳ್ಳೆಯದು.

ಫೆಬ್ರವರಿ 6, ಗುರುವಾರ

ಡ್ಯಾನ್‌ಗೆ ಒಬ್ಬ ತಮ್ಮನಿದ್ದ. ಹೆಸರು ಡೆನಿಸ್. ಇಬ್ಬರೂ ಡಿ. ಕ್ವಿಲ್ಟಿ. 1926ರಿಂದ 29ರವರೆಗೆ ಇಬ್ಬರೂ ಒಂದೇ ತಂಡದಲ್ಲಿದ್ದರು. ಒಂದು ವರದಿಯಲ್ಲಿ 'ಕಿರಿಯ ಕ್ವಿಲ್ಟಿ' ಎಂದಿದೆ, ಇನ್ನೊಂದರಲ್ಲಿ ಪೂರ್ತಿ ಹೆಸರೇ ಇದೆ. ಮತ್ತೊಂದು ಶನಿವಾರ ಡ್ಯಾನ್ ಡಬ್ಲಿನ್‌ನಲ್ಲಿ ಲೀಗಿನ ಆಯ್ದ ತಂಡಕ್ಕೆ ಆಡುತ್ತಿದ್ದಾಗ ಊರಿನಲ್ಲಿ 'ಡಿ. ಕ್ವಿಲ್ಟಿ' ಹ್ಯಾಟ್ರಿಕ್ ಹೊಡೆದಿದ್ದಾನೆ. ಪುಸ್ತಿಕೆ ಮಾಡಿದವರು ಇಬ್ಬರನ್ನೂ ಒಬ್ಬನನ್ನಾಗಿ ಕೂಡಿಸಿಬಿಟ್ಟಿದ್ದಾರೆ.

ಮೂರು ಸಲ ಎಣಿಸಿದೆ. ಡೆನಿಸ್‌ನವು ನಲವತ್ತೊಂದು. ಡ್ಯಾನ್‌ಗೆ ಉಳಿಯುವುದು 246. ದಾಖಲೆ ಹೋಯಿತು.

ನೋರಾರಿಗೆ ಹಗುರವಾಗಿ ಕೇಳಿದೆ, "ನಿಮ್ಮ ಅಪ್ಪನಿಗೆ ಅಣ್ಣ ತಮ್ಮಂದಿರು ಇದ್ರಾ?"

"ಡೆನ್ನಿ ಅಂತ ಒಬ್ಬ ಚಿಕ್ಕಪ್ಪ ಇದ್ದನಂತೆ. ಇಂಗ್ಲೆಂಡಿಗೆ ಹೋದವನು ತಿರುಗಿ ಬರಲಿಲ್ಲ. ಮನೆಯಲ್ಲಿ ಅವನ ಮಾತೆತ್ತುತ್ತಿರಲಿಲ್ಲ. ಯಾಕೆ?"

"ಸುಮ್ಮನೆ. ವಂಶವೃಕ್ಷಕ್ಕೆ."

ಫೆಬ್ರವರಿ 10, ಸೋಮವಾರ

ಇವತ್ತು ಹೇಳಲೇಬೇಕೆಂದು ಇಳಿದೆ. ನೋರಾ ಬೀರುವಿನಿಂದ ನೀಲಿ ಕೋಟು ತೆಗೆದು ಕುರ್ಚಿಗೆ ಹಾಕಿದ್ದರು, ಜೂನ್‌ನಲ್ಲಿ ಗ್ಯಾಲರಿಯ ಉದ್ಘಾಟನೆಗೆ. ತೋಳಿನ ಹತ್ತಿರ ನುಸಿ ತಿಂದಿದೆಯೇ ನೋಡು ಎಂದರು. ನೋಡಿದೆ, ಇರಲಿಲ್ಲ. ಸೇಬಿನ ಕೇಕು ತಿಂದು ಬಂದೆ.

ಆಮೇಲೆ ಕೂತು ಒಂದು ಲೇಖನ ಬರೆದೆ. ಎರಡು ಡಿ. ಕ್ವಿಲ್ಟಿಗಳನ್ನು ಡೇಟಾದಿಂದ ಬೇರ್ಪಡಿಸಿದ ಬಗೆ. ಕೆಲಸ ಹುಡುಕುವವರು ತಮ್ಮ ಸಾಮರ್ಥ್ಯ ತೋರಿಸಲು ಹೀಗೆ ಬರೆದು ಇಂಟರ್ನೆಟ್ಟಿಗೆ ಹಾಕುವುದು ವಾಡಿಕೆ. ಚೆನ್ನಾಗಿ ಬಂದಿದೆ, ಹಾಕಿಬಿಟ್ಟೆ. ಮೇಲೆ ಆಲ್ಬಮ್ಮಿನ ಒಂದು ಪುಟದ ಚಿತ್ರ ಹಾಕಿದೆ. ಎದೆಗೆ ಕೈ ಕಟ್ಟಿ ನಿಂತ ಡ್ಯಾನ್. ನೋರಾ ಅವರ ಹೆಸರನ್ನು ಎಲ್ಲೂ ಹಾಕಿಲ್ಲ. ಅವರಿಗೆ ಇಂಟರ್ನೆಟ್ ಇಲ್ಲ. ಇದನ್ನು ಓದುವವರಾದರೂ ಎಷ್ಟು ಮಂದಿ, ನನ್ನಂಥ ಇಪ್ಪತ್ತು ಜನ. ಸತ್ಯ ಹೇಳಿದರೆ ತಪ್ಪೇನು?

ಫೆಬ್ರವರಿ 17, ಸೋಮವಾರ

ನನ್ನ ಲೇಖನವನ್ನು ಐರ್ಲೆಂಡಿನ ಯಾರೋ ಫುಟ್ಬಾಲ್ ಇತಿಹಾಸದ ಹುಚ್ಚರು ಹಂಚಿಕೊಂಡಿದ್ದಾರೆ. ನಲವತ್ತು ಸಾವಿರ ಜನ ಓದಿದ್ದಾರೆ. 'ನೂರು ವರ್ಷದ ಮೇಲೆ ಡೆನಿಸ್‌ಗೆ ನ್ಯಾಯ' ಎಂದೆಲ್ಲ ಪ್ರತಿಕ್ರಿಯೆಗಳು. ಯುಟ್ರೆಕ್ಟ್‌ನ ಕಂಪನಿಯೊಂದು ಸಂದರ್ಶನಕ್ಕೆ ಕರೆದಿದೆ. ಅವರಾಗಿಯೇ!

ಹೃಷಿ ಲೇಖನ ಓದಿ ಫೋನು ಕೆಳಗಿಟ್ಟ. "ಅವರಿಗೆ ಇನ್ನೂ ಹೇಳ್ಲಿಲ್ಲ ಅಲ್ವಾ ನೀನು?" ಎಂದ. ನಾನು ಅಕ್ಕಿ ತೊಳೆಯುತ್ತಿದ್ದೆ. ನಲ್ಲಿ ಜೋರಾಗಿ ಬಿಟ್ಟೆ.

ಫೆಬ್ರವರಿ 25, ಮಂಗಳವಾರ

ಸಂದರ್ಶನ ಮುಗಿಯಿತು.

ಮೂವರಿದ್ದರು. ಮುಖ್ಯಸ್ಥೆ ಆನೆಲೀಸ್ ಎಂಬಾಕೆ ನನ್ನ ಲೇಖನವನ್ನು ಮುದ್ರಿಸಿ ಗೆರೆ ಎಳೆದುಕೊಂಡು ಬಂದಿದ್ದಳು. ಎಲ್ಲ ಪ್ರಶ್ನೆಗೂ ಚೆನ್ನಾಗಿಯೇ ಉತ್ತರಿಸಿದೆ. ಕೊನೆಗೆ ಅವಳು ಕೇಳಿದಳು: "ಆ ಆಟಗಾರನ ಕುಟುಂಬದವರು ಇದನ್ನು ಹೇಗೆ ತೆಗೆದುಕೊಂಡರು? ಕಹಿ ಸುದ್ದಿ ಹೇಳುವುದೂ ಈ ಕೆಲಸದ ಭಾಗ."

"ಅವರ ಮಗಳಿಗೆ ಮೊದಲು ನಾನೇ ಹೇಳಿದೆ," ಎಂದೆ. "ಸ್ವಲ್ಪ ನೋವಾಯಿತು. ಆದರೆ ಸತ್ಯ ತಿಳಿದದ್ದಕ್ಕೆ ಅವರಿಗೆ ಸಮಾಧಾನವಿದೆ."

ಆನೆಲೀಸ್ ತಲೆಯಾಡಿಸಿ ಏನೋ ಬರೆದುಕೊಂಡಳು. ಇಷ್ಟು ಸಲೀಸಾಗಿ ಬಂತು. ಯೋಚಿಸಲೂ ಇಲ್ಲ.

ಫೆಬ್ರವರಿ 28, ಶುಕ್ರವಾರ

ಕೆಲಸ ಸಿಕ್ಕಿತು. ಏಪ್ರಿಲ್ ಒಂದರಿಂದ. ಪರವಾನಗಿಗೆ ಅವರೇ ಅರ್ಜಿ ಹಾಕುತ್ತಾರೆ. ಉಡುಪಿಗೆ ಫೋನ್ ಮಾಡಿದೆ, ಅಮ್ಮ ಅತ್ತುಬಿಟ್ಟರು. ಹೃಷಿ ಶಾವಿಗೆ ಪಾಯಸ ಮಾಡಿದ. ಯಾವಾಗಲೂ ಒಂದು ಬಟ್ಟಲು ಕೆಳಗೆ ಹೋಗುತ್ತಿತ್ತು. ಇವತ್ತು ಅವನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ 6, ಗುರುವಾರ

ಇದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ. ಬರೆಯುತ್ತೇನೆ.

ಹನ್ನೊಂದು ಗಂಟೆಗೆ ನೋರಾ ಕರೆದರು. ಕ್ಲಬ್ಬಿನ ಪತ್ರ ಬಂದಿತ್ತು. ಒಡೆದು ಕೈಗೆ ಕೊಟ್ಟು, ತಾವು ಕುರ್ಚಿಯಲ್ಲಿ ನೆಟ್ಟಗೆ ಕೂತರು, ಬಹುಮಾನ ತೆಗೆದುಕೊಳ್ಳುವವರ ಹಾಗೆ.

ಓದಿದೆ. 'ಪ್ರೀತಿಯ ಶ್ರೀಮತಿ ಫಿಸ್ಸರ್, ನಿಮ್ಮ ತಂದೆಯವರ ಗೋಲುಗಳ ಸಂಖ್ಯೆಯ ಬಗ್ಗೆ ಇತ್ತೀಚೆಗೆ ಪ್ರಕಟವಾದ ಲೇಖನವೊಂದು ಗಂಭೀರ ಪ್ರಶ್ನೆ ಎತ್ತಿದೆ. ನಾವೂ ಪರಿಶೀಲಿಸಿದ್ದೇವೆ. ಗ್ಯಾಲರಿಗೆ ಹೆಸರಿಡುವುದನ್ನು ಸದ್ಯಕ್ಕೆ ನಿಲ್ಲಿಸಬೇಕಾಗಿ ಬಂದಿರುವುದಕ್ಕೆ ವಿಷಾದಿಸುತ್ತೇವೆ.'

ಲೇಖನ ಎಂಬ ಪದದ ಮುಂದೆ ಅದನ್ನು ಬರೆದವರ ಹೆಸರಿತ್ತು. ಸಂಪ್ರೀತಾ ಶೆಟ್ಟಿ, ಆಮ್‌ಸ್ಟರ್‌ಡಾಮ್. ನಾನು ಅದನ್ನು ಓದಲಿಲ್ಲ. ಕಣ್ಣು ಅದರ ಮೇಲೆ ಹೋಯಿತು, ಬಾಯಿ ದಾಟಿಕೊಂಡು ಮುಂದೆ ಹೋಯಿತು. ಎದುರಿಗೆ ಕೂತವರಿಗೆ ನನ್ನ ಮುಖವೂ ಕಾಣುವುದಿಲ್ಲ, ಕಾಗದವೂ ಕಾಣುವುದಿಲ್ಲ.

"ಯಾರು ಬರೆದದ್ದಂತೆ?" ಎಂದರು ನೋರಾ.

"ಅದು ಇದರಲ್ಲಿಲ್ಲ."

"ಅವನು ಯಾರೇ ಇರಲಿ, ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು. ನಾನಿನ್ನೂ ಬದುಕಿದ್ದೇನಲ್ಲ. ಪ್ರೀತಾ, ಪೆನ್ನು ತಗೋ. ಅವನಿಗೊಂದು ಕಾಗದ ಬರೆ. ಕ್ಲಬ್ಬಿನವರು ತಲುಪಿಸುತ್ತಾರೆ."

ಅವರು ಹೇಳಿದರು, ನಾನು ಬರೆದೆ. 'ಮಹನೀಯರೇ, ನೀವು ನನಗೆ ಅಪರಿಚಿತರು. ನಿಮ್ಮ ಎಣಿಕೆ ಸರಿಯೋ ತಪ್ಪೋ ನನಗೆ ತಿಳಿಯದು. ನನ್ನ ತಂದೆಯ ಕೈಯಲ್ಲಿ ಈ ಸಂಖ್ಯೆಯ ಹೊರತು ಇನ್ನೇನೂ ಉಳಿದಿರಲಿಲ್ಲ. ಕೊನೆಯ ಹತ್ತು ವರ್ಷ ಅವರಿಗೆ ನನ್ನ ಹೆಸರು ಮರೆತಿತ್ತು, ಇದು ಮರೆತಿರಲಿಲ್ಲ. ಇದನ್ನು ತೆಗೆಯುವ ಮೊದಲು ನೀವು ಬಾಗಿಲು ತಟ್ಟಬೇಕಿತ್ತು.' ಅಕ್ಷರ ಸ್ಪಷ್ಟವಾಗಿದೆಯೇ ಎಂದು ಕೇಳಿದರು. ಇದೆ ಎಂದೆ. ಕಾಗದದ ಮೇಲೆ ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು.

ಮಾರ್ಚ್ 7, ಶುಕ್ರವಾರ

ಕಾಗದ ನನ್ನ ಬ್ಯಾಗಿನಲ್ಲೇ ಇದೆ. ಹೃಷಿಗೆ ಹೇಳಿದೆ. ಅವನು ಸಿಟ್ಟು ಮಾಡುವವನಲ್ಲ.

"ಲೇಖನ ಹಾಕಿದ್ದು ಹೋಗ್ಲಿ," ಎಂದ. "ಅವರಿಗೆ ಕಣ್ಣು ಕಾಣುದಿಲ್ಲ ಅಂತ ಗೊತ್ತಿದ್ದೂ ಹೀಗೆ ಮಾಡಿದ್ಯಲ್ಲ. ನಿನ್ನನ್ನು ನಂಬಿ ಅಲ್ವಾ ಕಾಗದ ಕೊಟ್ಟದ್ದು ಅವರು?"

"ಈಗ ಹೇಳಿದ್ರೆ, ಅವರು ಯಾರಿಗಾದ್ರೂ ಹೇಳಿ, ಅದು ಕಂಪನಿಯವರೆಗೆ ಹೋದ್ರೆ? ಪರವಾನಗಿ ಇನ್ನೂ ಬರ್ಲಿಲ್ಲ. ನಿನ್ನ ಶಾಲೆ..."

"ನನ್ನ ಹೆಸರು ಹೇಳ್ಬೇಡ ಇದ್ರಲ್ಲಿ," ಎಂದು ಎದ್ದು ಹೋದ.

ಮಾರ್ಚ್ 14, ಶುಕ್ರವಾರ

ಮೊನ್ನೆ ಕಸದ ಚೀಲ ಇಡಲು ಹೋದಾಗ ನೋರಾರ ಬಾಗಿಲು ತೆರೆಯಿತು. ನನ್ನ ಹೆಜ್ಜೆ ಸದ್ದು ಅವರಿಗೆ ಗೊತ್ತು.

"ಪ್ರೀತಾ? ಉತ್ತರ ಬಂತಾ?"

"ಇಲ್ಲ."

"ಬರುವುದಿಲ್ಲ ಬಿಡು. ಅಂಥವರು ಬರೆಯುವುದಿಲ್ಲ."

ಆಮೇಲೆ ಎರಡು ದಿನದಿಂದ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದೇನೆ.

ಮಾರ್ಚ್ 20, ಗುರುವಾರ

ಪರವಾನಗಿ ಮಂಜೂರಾಯಿತು. ಬೆಳಿಗ್ಗೆ ಒಂಬತ್ತೂವರೆಗೆ ಇ-ಮೇಲ್. ಕುಣಿಯಬೇಕಿತ್ತು. ಕೂತಲ್ಲೇ ಕೂತಿದ್ದೆ.

ಹತ್ತು ಗಂಟೆಗೆ ಇನ್ನೊಂದು ಬಂತು, ಲಿವರ್‌ಪೂಲ್‌ನಿಂದ. ಬರೆದವರು ಮರೀನ್, ಅರವತ್ತಾರು ವರ್ಷ, ಡೆನಿಸ್ ಕ್ವಿಲ್ಟಿಯ ಮೊಮ್ಮಗಳು. ಅವರ ಅಜ್ಜ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರಂತೆ. ಊರಲ್ಲಿ ತಾನು ಗೋಲು ಹೊಡೆಯುತ್ತಿದ್ದೆ ಎಂದು ಹೇಳಿಕೊಂಡರೆ ಯಾರೂ ನಂಬುತ್ತಿರಲಿಲ್ಲ. ಜೊತೆಗಾರರು ಅವರನ್ನು 'ಚಾಂಪಿಯನ್' ಎಂದು ಕರೆದು ನಗುತ್ತಿದ್ದರು. ಸ್ವಂತ ಮಗಳೂ ನಾಚಿಕೆಯಿಂದ ಸುಮ್ಮನಿರಿ ಎನ್ನುತ್ತಿದ್ದಳು. ಆ ಮಗಳು, ಮರೀನ್ ಅವರ ತಾಯಿ, ಈಗ ತೊಂಬತ್ತು ದಾಟಿ ವೃದ್ಧಾಶ್ರಮದಲ್ಲಿದ್ದಾರೆ. ಲೇಖನವನ್ನು ಓದಿ ಹೇಳಿದಾಗ ಗೋಡೆ ಕಡೆ ತಿರುಗಿ ಮಲಗಿಬಿಟ್ಟರಂತೆ.

ಉದ್ದನೆಯ ಪತ್ರ. ನನಗೆ ತುಂಬಾ ಧನ್ಯವಾದ ಹೇಳಿದ್ದಾರೆ. ಕೊನೆಗೆ, ಡ್ಯಾನ್ ಕಡೆಯವರು ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದ್ದಾರೆ.

ನೋರಾ ನನಗೆ ಎಷ್ಟೋ ಸಲ ಹೇಳಿದ್ದಾರೆ, ಕ್ವಿಲ್ಟಿಗಳಲ್ಲಿ ಕೊನೆಯವಳು ನಾನೇ ಎಂದು.

ಮಾರ್ಚ್ 22, ಶನಿವಾರ

ಹೇಳಿದೆ.

ನಿಂತುಕೊಂಡೇ ಹೇಳಿದೆ. "ನೋರಾ, ಆ ಲೇಖನ ಬರೆದವಳು ನಾನು."

ಅವರು ಚಹಾ ಬಟ್ಟಲನ್ನು ತಟ್ಟೆಯ ಮೇಲೆ ಇಡಲು ಜಾಗ ಹುಡುಕುತ್ತಿದ್ದರು. ಸಿಕ್ಕಿತು, ಇಟ್ಟರು.

"ಕ್ಲಬ್ಬಿನ ಕಾಗದದಲ್ಲಿ ಹೆಸರಿತ್ತಾ?"

"ಇತ್ತು."

"ನೀನು ಓದಲಿಲ್ಲ."

"ಓದಲಿಲ್ಲ."

"ನಾನು ಬರೆಸಿದ ಕಾಗದ?"

"ನನ್ನ ಬ್ಯಾಗಿನಲ್ಲಿದೆ."

ಮುರಿದ ಕಾಲಿನ ಕಥೆಯಿಂದಲೇ ನನಗೆ ಸುಳಿವು ಸಿಕ್ಕಿದ್ದು ಎಂಬುದನ್ನೂ ಹೇಳಿದೆ. ಲೇಖನದಿಂದ ಕೆಲಸ ಸಿಕ್ಕಿದ್ದನ್ನು, ಪರವಾನಗಿ ಬರುವವರೆಗೆ ಕಾದು ಇವತ್ತು ಬಂದದ್ದನ್ನು ಹೇಳಿದೆ. ಅದನ್ನು ಕೇಳುವಾಗ ಅವರ ಮುಖ ಮೊದಲಿಗಿಂತ ಬಿಗಿಯಾಯಿತು.

"ಗೋಲು ಅಪ್ಪನದಲ್ಲದಿದ್ದರೆ ಅಪ್ಪನದಲ್ಲ," ಎಂದರು. "ಅದಕ್ಕೆ ಅತ್ತುಬಿಡಬಹುದು, ಮುಗಿಯುತ್ತದೆ. ಈ ಮನೆಗೆ ಬರುವ ಪ್ರತಿ ಕಾಗದವನ್ನೂ ನಿನ್ನ ಬಾಯಿಂದಲೇ ಕೇಳುತ್ತಿದ್ದೆ. ಬ್ಯಾಂಕಿನದು, ಆಸ್ಪತ್ರೆಯದು. ಈಗ ಅವುಗಳಲ್ಲೆಲ್ಲ ಏನೇನಿತ್ತು ಅಂತ ನಾನು ಯಾರನ್ನು ಕೇಳಲಿ?"

ಬೇರೆ ಯಾವುದರಲ್ಲೂ ಏನೂ ಬಿಟ್ಟಿಲ್ಲ ಎಂದರೆ ಅವರು ಏಕೆ ನಂಬಬೇಕು?

"ಆಲ್ಬಂ ತಂದು ಬಾಗಿಲ ಹೊರಗಿಡು," ಎಂದರು. "ಬೆಲ್ ಮಾಡುವುದು ಬೇಡ."

ಮಾರ್ಚ್ 23, ಭಾನುವಾರ

ಮರೀನ್ ಅವರ ಪತ್ರವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದೆ, ಸಾಲಿಗೆ ಮೂರೇ ಪದ. ನೋರಾ ಹತ್ತಿರ ಒಂದು ಭೂತಗನ್ನಡಿ ಇದೆ. ಕಷ್ಟಪಟ್ಟರೆ ಓದಬಹುದು, ಯಾರ ಬಾಯಿಯೂ ಬೇಕಿಲ್ಲ. ಮೂವತ್ತೆಂಟು ಪುಟಗಳಾದವು. ಹೃಷಿ ಪುಟಸಂಖ್ಯೆ ಹಾಕಿ ದಾರ ಪೋಣಿಸಿಕೊಟ್ಟ. ಆಲ್ಬಮ್ಮಿನ ಮೇಲಿಟ್ಟು ಬಂದೆ. ಬೆಲ್ ಮಾಡಲಿಲ್ಲ.

ಏಪ್ರಿಲ್ 3, ಗುರುವಾರ

ಹೊಸ ಕೆಲಸದ ಮೂರನೆಯ ದಿನ. ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು ಕೊಟ್ಟಿದ್ದಾರೆ. ಮಧ್ಯಾಹ್ನ ಆನೆಲೀಸ್ ಒಬ್ಬಳೇ ಸಿಕ್ಕಾಗ, ಸಂದರ್ಶನದಲ್ಲಿ ಕುಟುಂಬದವರ ಬಗ್ಗೆ ಹೇಳಿದ್ದು ಸುಳ್ಳು, ಆಗ ಅವರಿಗೆ ಹೇಳಿಯೇ ಇರಲಿಲ್ಲ ಎಂದೆ. ಅವಳು, "ಇದನ್ನು ಯೋಚಿಸಬೇಕಾಗುತ್ತದೆ" ಎಂದಳು. ಯೋಚಿಸಲಿ. ಬರುವಾಗ ನುಗ್ಗೆಕಾಯಿ ಸಿಕ್ಕಿತು, ಸಾಂಬಾರು ಮಾಡಿದೆ.

ಏಪ್ರಿಲ್ 12, ಶನಿವಾರ

ಬೆಲ್ ಆಯಿತು. ಬಾಗಿಲು ತೆರೆದರೆ ನೋರಾ. ಮೆಟ್ಟಿಲು ಹತ್ತಿ ಬಂದಿದ್ದರು, ಏದುಸಿರು. ಎರಡು ವರ್ಷದಲ್ಲಿ ಒಮ್ಮೆಯೂ ಮೇಲೆ ಬಂದವರಲ್ಲ. ಹೃಷಿ ಓಡಿಹೋಗಿ ಕುರ್ಚಿ ತಂದ.

ದಾರ ಪೋಣಿಸಿದ ಪುಟಗಳನ್ನು ನನ್ನ ಕೈಗೆ ಕೊಟ್ಟರು. "ಇಪ್ಪತ್ತೊಂಬತ್ತರವರೆಗೆ ಬಂದಿದ್ದೇನೆ. ಕಣ್ಣು ಸೋತಿತು. ಉಳಿದದ್ದು ಓದು. ಈ ಸಲ ಒಂದಕ್ಷರ ಬಿಡಬೇಡ."

ಓದಿದೆ. ನನ್ನನ್ನು ಹೊಗಳಿದ ಸಾಲುಗಳು ಅಲ್ಲೇ ಇದ್ದವು, 'ನಿಮ್ಮಂಥ ಪ್ರಾಮಾಣಿಕರು ಅಪರೂಪ' ಎಂದು. ಅವನ್ನೂ ಓದಿದೆ. ನೋರಾ ಕೈ ಸನ್ನೆ ಮಾಡಿ ಮುಂದೆ ಎಂದರು.

ಮೂವತ್ತೈದನೆಯ ಪುಟದಲ್ಲಿ ಹೀಗಿತ್ತು: '1951ರಲ್ಲಿ ಯಾರೋ ಊರಿನವರು ಕ್ಲಬ್ಬಿನ ಪುಸ್ತಿಕೆಯನ್ನು ಅಜ್ಜನಿಗೆ ತಂದುಕೊಟ್ಟರಂತೆ. ಅದರಲ್ಲಿ ಅವರ ಹೆಸರೇ ಇರಲಿಲ್ಲ. ಅಜ್ಜ ತಮ್ಮ ಅಣ್ಣನಿಗೆ ಒಂದು ಕಾಗದ ಬರೆದರು. ಗೋಲು ವಾಪಸ್ ಬೇಡ, ನಾನೂ ಆಡಿದ್ದೆ ಅಂತ ನನ್ನ ಮಗಳಿಗೆ ಒಂದು ಸಾಲು ಬರೆದು ಕಳಿಸು, ಅಷ್ಟು ಸಾಕು ಎಂದು. ಉತ್ತರ ಬರಲಿಲ್ಲ. ಮೂರು ವರ್ಷದ ಮೇಲೆ ಅಜ್ಜ ತೀರಿಕೊಂಡರು.'

ನೋರಾ ಕೈ ಎತ್ತಿ ನಿಲ್ಲಿಸಿದರು.

"ಆ ಕಾಗದ ನನಗೆ ಗೊತ್ತು," ಎಂದರು. "ನನಗೆ ಆಗ ಹದಿನೈದು. ಇಂಗ್ಲೆಂಡಿನ ಸ್ಟಾಂಪ್ ಇತ್ತು. ಅದು ನನಗೆ ಬೇಕು ಅಂತ ಅಪ್ಪನ ಹಿಂದೆ ನಿಂತಿದ್ದೆ. ಅಪ್ಪ ನಿಂತುಕೊಂಡೇ ಓದಿದರು. ಎರಡು ಸಲ ಓದಿದರು. ಆಮೇಲೆ ಸ್ಟಾಂಪ್ ಸಮೇತ ಒಲೆಗೆ ಹಾಕಿದರು. ನಾನು ಸ್ಟಾಂಪಿಗಾಗಿ ಅತ್ತೆ. ಏನು ಕಾಗದ ಅಂತ ಕೇಳಲಿಲ್ಲ. ಯಾವತ್ತೂ ಕೇಳಲಿಲ್ಲ."

ಹೃಷಿ ನೀರು ತಂದುಕೊಟ್ಟ. ಅವರು ಕುಡಿದರು. ನಾನು ಏನಾದರೂ ಸಮಾಧಾನ ಹೇಳಬೇಕಿತ್ತೇನೋ. ಆ ಹಕ್ಕು ನನಗಿರಲಿಲ್ಲ. ಉಳಿದ ಮೂರು ಪುಟ ಓದಿ ಮುಗಿಸಿದೆ.

"ನಾನು ಬರೆಸಿದ ಆ ಕಾಗದ ಎಲ್ಲಿದೆ?"

ಬ್ಯಾಗಿನಿಂದ ತೆಗೆದು ಕೊಟ್ಟೆ.

"ಹರಿಯಬೇಡ. ಅದು ನಿನಗೇ ಬರೆದದ್ದು, ಇಟ್ಟುಕೋ. ಈಗ ಬೇರೆ ಎರಡು ಬರೆಯುವುದಿದೆ. ಒಂದು ಕ್ಲಬ್ಬಿಗೆ: ಹೆಸರಿಡುವುದಾದರೆ ಇಬ್ಬರದೂ ಇಡಿ, ಇಲ್ಲವಾದರೆ ಯಾರದೂ ಬೇಡ. ಇನ್ನೊಂದು ಲಿವರ್‌ಪೂಲಿಗೆ. ನೀನು ಬರೆ. ಬರೆದದ್ದನ್ನು ನಿನ್ನ ಗಂಡ ನನಗೆ ಓದಿ ಹೇಳಲಿ."

ಹಾಗೆಯೇ ಮಾಡಿದೆವು. ನಾನು ಬರೆದದ್ದನ್ನು ಹೃಷಿ ಓದಿದ. ಅವರು ಪ್ರತಿ ಸಾಲಿಗೂ ತಲೆಯಾಡಿಸಿದರು.

ಏಪ್ರಿಲ್ 26, ಶನಿವಾರ

ಲಿವರ್‌ಪೂಲ್‌ನಿಂದ ಫೋನ್ ಬಂತಂತೆ, ನೋರಾ ಅವರಿಗೇ. ಒಂದೂವರೆ ಗಂಟೆ ಮಾತಾಡಿದರಂತೆ, ಹೃಷಿಗೆ ಹೇಳಿದರು. ಈಗ ಅವರ ಕಾಗದಗಳನ್ನು ಅವನೇ ಓದುತ್ತಾನೆ, ಶನಿವಾರ ಬೆಳಿಗ್ಗೆ. ನಾನು ಆ ಹೊತ್ತಿಗೆ ಅವರ ಅಂಗಡಿ ಸಾಮಾನು ತಂದು ಅಡುಗೆಮನೆಯಲ್ಲಿಟ್ಟು ಬರುತ್ತೇನೆ. ಆಫೀಸಿನಲ್ಲಿ ಆನೆಲೀಸ್ ನನ್ನನ್ನು ಉಳಿಸಿಕೊಂಡಿದ್ದಾಳೆ, ಆದರೆ ಗ್ರಾಹಕರ ಎದುರು ಕಳಿಸುತ್ತಿಲ್ಲ. ಕ್ಲಬ್ಬಿನಿಂದ ಉತ್ತರವಿಲ್ಲ.

ಮೇ 10, ಶನಿವಾರ

ಮರೀನ್ ಬಂದರು. ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗು ಎಂದು ನೋರಾ ನಿನ್ನೆ ಹೇಳಿ ಕಳಿಸಿದ್ದರು. ಹೃಷಿಗೆ ಶಾಲೆಯ ಕಾರ್ಯಕ್ರಮವಿತ್ತು. ಬಸ್ಸಿನಲ್ಲಿ ಹೋದೆವು. ನಿಲ್ದಾಣದಲ್ಲಿ ನೋರಾ ತಮ್ಮ ತಳ್ಳುಗಾಡಿಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಬಾಗಿಲ ಕಡೆ ತಿರುಗಿ ನಿಂತರು.

"ನನಗೆ ಮುಖ ಕಾಣುವುದಿಲ್ಲ. ಬಂದಾಗ ಹೇಳು."

ಅಗಲ ಭುಜದ, ಕೆಂಪು ಪೆಟ್ಟಿಗೆ ಎಳೆದುಕೊಂಡು ಬಂದ ಹೆಂಗಸು. ಫೋಟೋದಲ್ಲಿ ನೋಡಿದ್ದರಿಂದ ಗುರುತು ಸಿಕ್ಕಿತು. "ಬಂದರು," ಎಂದೆ.

ಮರೀನ್ ತಬ್ಬಿಕೊಳ್ಳಲು ಕೈ ಚಾಚಿದರು. ನೋರಾ ಒಂದು ಕೈ ಮುಂದೆ ಮಾಡಿ ತಡೆದರು.

"ಮೊದಲು ಇದು," ಎಂದರು. ದನಿ ಗಟ್ಟಿಯಾಗಿತ್ತು, ಮನೆಯಲ್ಲಿ ಹೇಳಿಕೊಂಡು ಅಭ್ಯಾಸ ಮಾಡಿದ್ದರೇನೋ. "ನಿನ್ನ ಅಜ್ಜ ಡೆನಿಸ್ ಕ್ವಿಲ್ಟಿ ಬ್ಯಾಲಿಗ್ಲಾಸ್ ರೋವರ್ಸ್‌ಗೆ ನಲವತ್ತೊಂದು ಗೋಲು ಹೊಡೆದಿದ್ದಾನೆ. ನನ್ನ ಅಪ್ಪನಿಗೆ ಅದು ಗೊತ್ತಿತ್ತು. ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ. ನಿನ್ನ ಅಮ್ಮನಿಗೆ ಹೋಗಿ ಹೇಳು, ಡ್ಯಾನ್‌ನ ಮಗಳು ಹೇಳಿದಳು ಅಂತ."

ಮರೀನ್ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ನೋರಾ ತಾವೇ ಕೈ ಚಾಚಿದರು. ಇಬ್ಬರೂ ಬಹಳ ಹೊತ್ತು ಹಾಗೇ ನಿಂತಿದ್ದರು. ಪೆಟ್ಟಿಗೆ ಎಳೆದುಕೊಂಡು ಬರುವವರೆಲ್ಲ ಸುತ್ತು ಬಳಸಿ ಹೋದರು.

ಕಣ್ಣೊರೆಸಿಕೊಂಡು ಮರೀನ್ ನನ್ನ ಕಡೆ ತಿರುಗಿದರು. "ಇವರೇ ಅಲ್ಲವೇ ಕಂಡುಹಿಡಿದವರು?" ಎನ್ನುತ್ತಾ ನನ್ನ ಎರಡೂ ಕೈ ಹಿಡಿದುಕೊಂಡರು.

"ಹೌದು, ಇವಳೇ," ಎಂದರು ನೋರಾ. "ಮೊದಲು ಊರಿಗೆಲ್ಲ ಹೇಳಿದಳು. ಕೊನೆಗೆ ನನಗೆ."

ಸಿಟ್ಟಿನಿಂದ ಹೇಳಲಿಲ್ಲ. ಪಂದ್ಯದ ಫಲಿತಾಂಶ ಹೇಳುವ ಹಾಗೆ ಹೇಳಿದರು. ಮರೀನ್ ಅರ್ಥವಾಗದೆ ನನ್ನ ಮುಖ ನೋಡಿದರು, ನಾನು ಅಲ್ಲಗಳೆಯಬಹುದು ಎಂಬಂತೆ.

"ಹೌದು," ಎಂದೆ. "ಹಾಗೇ ಆಯಿತು."

ಮರೀನ್ ಕೈ ಬಿಟ್ಟರು, ಒರಟಾಗಿ ಅಲ್ಲ. ನಾನು ಅವರ ಕೆಂಪು ಪೆಟ್ಟಿಗೆ ತೆಗೆದುಕೊಂಡೆ. ಅವರಿಬ್ಬರೂ ಮಾತಾಡುತ್ತಾ ಮುಂದೆ ಹೊರಟರು. ನಾನು ನಾಲ್ಕು ಹೆಜ್ಜೆ ಹಿಂದೆ ಬಸ್ಸಿನವರೆಗೆ ಪೆಟ್ಟಿಗೆ ಎಳೆದುಕೊಂಡು ಹೋದೆ.